ಯಾರೂ ನಂಬದ ಸ್ಕೂಟರು

ಜಾಲಹಳ್ಳಿಯಲ್ಲಿ ನಂದೊಂದು ಗ್ಯಾರೇಜು. ಸೆಕೆಂಡ್ ಹ್ಯಾಂಡ್ ಗಾಡಿ ತಗೊಳ್ಳೋರು "ಸ್ವಲ್ಪ ನೋಡಿ ಹೇಳಿ ಗುರು" ಅಂತ ಬರದೇ ಇರೋ ವಾರ ಇಲ್ಲ. ಗಾಡಿ ನೋಡೋದು ಹತ್ತು ನಿಮಿಷ, ಆಮೇಲೆ ನಗೋದು ದಿನವೆಲ್ಲ.

ಪೂಜೆ ಮೊದಲು

ಮತ್ತಿಕೆರೆಯಿಂದ ಗಂಡ ಹೆಂಡತಿ ಒಂದು ಬೈಕ್ ತಂದ್ರು. ಹೂವಿನ ಹಾರ, ಕುಂಕುಮ, ಚಕ್ರಕ್ಕೆ ನಿಂಬೆಹಣ್ಣು ಎಲ್ಲಾ ಆಗಿದೆ, ಕುಂಬಳಕಾಯಿನೂ ಒಡೆದಾಗಿದೆ. "ಈಗ ಚೆಕ್ ಮಾಡಿ" ಅಂದ್ರು. ಹಾರ ಸರಿಸಿ ಚಾಸಿ ನಂಬರ್ ನೋಡ್ದೆ. ಆರ್‌ಸಿಯಲ್ಲಿ ಇರೋದೇ ಬೇರೆ!

"ರೀ, ಈ ಆರ್‌ಸಿ ಈ ಬೈಕಿಂದಲ್ಲ. ಕದ್ದ ಮಾಲಿರ್ಬೇಕು, ವಾಪಸ್ ಕೊಟ್ಬಿಡಿ."

ಪುಣ್ಯಕ್ಕೆ ದುಡ್ಡು ಕೊಟ್ಟಿರಲಿಲ್ಲ, ಬರೀ ಟ್ರಯಲ್‌ಗೆ ಅಂತ ತಂದಿದ್ರಂತೆ. ಗಂಡ ಬೆವರು ಒರೆಸ್ಕೊಂಡ. ಹೆಂಡತಿಗೆ ಬೇರೆಯದೇ ಚಿಂತೆ: "ಹಾಗಾದ್ರೆ ಪೂಜೆ ಪುಣ್ಯ ಎಲ್ಲಾ ಯಾರಿಗ್ ಹೋಯ್ತು ರೀ?"

ನಿಜ ಹೇಳಿದ್ದೇ ತಪ್ಪಾಯ್ತು

ನನ್ನ ಹಳೇ ಗಿರಾಕಿ ಒಬ್ರು ಏರ್‌ಫೋರ್ಸ್‌ನವರು. ಅಪ್ಪಟ ಚಿನ್ನದಂಥ ಮನುಷ್ಯ. ದೂರದೂರಿಗೆ ಟ್ರಾನ್ಸ್‌ಫರ್ ಆಯ್ತು, ಭಾನುವಾರ ಯಶವಂತಪುರದಿಂದ ರೈಲು. ಅಷ್ಟರಲ್ಲಿ ಸ್ಕೂಟರ್ ಮಾರ್ಲೇಬೇಕು. ಮೊಬೈಲಲ್ಲಿ ಜಾಹೀರಾತು ಹಾಕಿದ್ರು: ಏರ್‌ಫೋರ್ಸ್‌ನವನು, ಟ್ರಾನ್ಸ್‌ಫರ್ ಆಗಿದೆ, ಅರ್ಜೆಂಟ್, ರೇಟು ಕಮ್ಮಿ.

ಅಯ್ಯೋ ದೇವ್ರೇ! ಆನ್‌ಲೈನ್ ಮೋಸಗಾರರೆಲ್ಲ ಹೇಳೋದು ಅಕ್ಷರಕ್ಕಕ್ಷರ ಇದೇ ಕತೆ. ಹೇಳಿ, ಅಡ್ವಾನ್ಸ್ ಹಾಕಿಸ್ಕೊಂಡು ಮಾಯ ಆಗ್ತಾರೆ. ಹಾಗಾಗಿ ಫೋನ್ ಮಾಡಿದೋರೆಲ್ಲ ಇವರಿಗೆ ಬೈದೇ ಇಟ್ರು. ಕೊನೆಗೆ ಪಾಪ ಒಬ್ಬನಿಗೆ, "ಅಡ್ವಾನ್ಸ್ ಒಂದ್ರೂಪಾಯಿನೂ ಬೇಡ, ಬಂದು ಗಾಡಿ ನೋಡಿ" ಅಂದ್ರು.

ಅವನು, "ಓಹೋ, ಹೊಸ ಟೆಕ್ನಿಕ್ಕಾ ಮಗಾ?"

ಯೂನಿಫಾರ್ಮು

ಶುಕ್ರವಾರ ಆರ್.ಟಿ. ನಗರದಿಂದ ಒಬ್ಬರು ಧೈರ್ಯ ಮಾಡಿ ಸ್ಕೂಟರ್ ನೋಡೋಕೆ ನನ್ನ ಗ್ಯಾರೇಜಿಗೆ ಬಂದ್ರು. ನೋಡಿದ್ರೆ ನಂಬ್ತಾರೆ ಅಂತ ನಮ್ಮ ಏರ್‌ಫೋರ್ಸ್‌ನವರು ಯೂನಿಫಾರ್ಮಲ್ಲೇ ಬಂದು ನಿಂತ್ರು. ಬಂದವರು ಅವರನ್ನ ಮೇಲಿಂದ ಕೆಳಗೆ ನೋಡಿ, "ಡ್ರೆಸ್‌ಗೆ ದಿನಕ್ಕೆ ಬಾಡಿಗೆ ಎಷ್ಟು?" ಅಂದ್ರು.

ನನಗೆ ಪಿತ್ತ ನೆತ್ತಿಗೇರ್ತು. "ಇವ್ರಿಗೆ ನಾನ್ ಗ್ಯಾರಂಟಿ ಕಣ್ರೀ!" ಅಂತ ಕೂಗ್ದೆ.

"ನಿಮಗೆ ಕಮಿಷನ್ ಎಷ್ಟು?" ಅಂದೋರು ಇಬ್ಬರ ಫೋಟೋನೂ ಹೊಡ್ಕೊಂಡು ಹೋದ್ರು. ಸಂಜೆ ಅದೇ ಫೋಟೋ ನನ್ನ ಭಾವನ ಅಪಾರ್ಟ್‌ಮೆಂಟ್ ಗ್ರೂಪ್ ಸುತ್ಕೊಂಡು ನನಗೇ ಬಂತು. ಕೆಳಗೆ ಬರೆದಿತ್ತು: 'ಎಚ್ಚರ! ದಪ್ಪಗಿರೋನೇ ಗ್ಯಾಂಗ್ ಲೀಡರ್.'

ದಪ್ಪಗಿರೋನು ನಾನು.

ಪ್ಲಾಟ್‌ಫಾರ್ಮು

ಶನಿವಾರ ನಾಗಸಂದ್ರದ ಯಜಮಾನ್ರೊಬ್ಬರು ಮಗಳಿಗೆ ಸ್ಕೂಟರ್ ಹುಡುಕ್ತಾ ಬಂದ್ರು. ಚಾಸಿ ನಂಬರ್, ಇನ್ಶೂರೆನ್ಸ್ ಎಲ್ಲಾ ತಾವೇ ತಾಳೆ ನೋಡಿದ್ರು. ಲೋನ್ ಬಾಕಿ ಇಲ್ಲ ಅನ್ನೋದನ್ನೂ ಖಾತ್ರಿ ಮಾಡ್ಕೊಂಡ್ರು. ಆಮೇಲೆ ಹೇಳಿದ್ರು:

"ಗಾಡಿ ನಂಬ್ತೀನಿ, ಈವಯ್ಯನ್ನ ನಂಬಾಕಿಲ್ಲ. ಟ್ರಾನ್ಸ್‌ಫರ್ ಅಂತಾನಲ್ಲ, ರೈಲ್ ಅತ್ತಿ ಓಗೋದ್ನ ನನ್ ಕಣ್ಣಾರೆ ನೋಡಿದ್ಮ್ಯಾಕೇ ದುಡ್ಡು."

ಬೇರೆ ದಾರಿ ಎಲ್ಲಿದೆ? ನಮ್ಮವರು ಒಪ್ಪಿದ್ರು. ಸಹಿ ಹಾಕಿದ ಕಾಗದ, ಗಾಡಿ ಕೀ ಎರಡೂ ನನ್ನ ಜೇಬಲ್ಲಿ. ದುಡ್ಡು ಬಂದ ಮೇಲೆ ನಾನು ಕೊಡೋದು ಅಂತ ಮಾತಾಯ್ತು.

ಭಾನುವಾರ ಯಶವಂತಪುರ ಸ್ಟೇಷನ್ನಿಗೆ ಯಜಮಾನ್ರು ಸಂಸಾರ ಸಮೇತ ಹಾಜರ್. ಕೈಯಲ್ಲಿ ಚಿತ್ರಾನ್ನದ ಡಬ್ಬಿ. "ನಿಜ್ವಾಗ್ಲೂ ಓಗೋದಾದ್ರೆ ಅಸ್ಕೊಂಡ್ ಯಾಕ್ ಓಗ್ಬೇಕು?" ಅಂತ ಏರ್‌ಫೋರ್ಸ್‌ನವರ ಕೈಗೆ ತುರುಕಿದ್ರು.

ರೈಲು ಅಲುಗಾಡ್ತು. ಯಜಮಾನ್ರು ಪಂಚೆ ಎತ್ಕೊಂಡು ಬೋಗಿ ಜೊತೆಗೇ ಬಿರಬಿರನೆ ನಡೀತಾ ಮೊಬೈಲಲ್ಲೇ ದುಡ್ಡು ಹಾಕಿದ್ರು. "ಬಂತಾ ಸಾಮಿ?"

"ಬಂತು! ಬಂತು!" ಅಂತ ಕಿಟಕಿಯಿಂದ ಕೈ ಬೀಸಿದ್ರು ನಮ್ಮವರು. ನನಗಂತೂ ಕಣ್ಣಲ್ಲಿ ನೀರೇ ಬಂತು. ಕಾಗದ, ಕೀ ಕೊಟ್ಬಿಟ್ಟೆ.

ಯಜಮಾನ್ರು ಟವೆಲ್ ಬೀಸ್ತಾ ಅಲ್ಲೇ ಕುಣಿದ್ರು: "ಓದ ಕಣ್ರಪ್ಪೋ! ನಿಜ್ವಾಗ್ಲೂ ಓದ!" ಹಿಂದೆ ಇಡೀ ಸಂಸಾರ ಚಪ್ಪಾಳೆ.

ಪಕ್ಕದಲ್ಲಿ ಮಗಳನ್ನ ರೈಲು ಹತ್ತಿಸಿ ಕಣ್ಣೊರೆಸ್ಕೊಳ್ತಿದ್ದ ಹೆಂಗಸೊಬ್ಬರು ಮೆಲ್ಲಗೆ ನನ್ನ ಕೇಳಿದ್ರು: "ಅಷ್ಟೊಂದು ಕಾಟ ಕೊಟ್ಟಿದ್ನಾ ರೀ ಆ ಮನುಷ್ಯ?"