ಹುಲ್ಲಿನ ಹಾಲಿಗೊಂದು ಪರೀಕ್ಷೆ

ಹಾಲಿನ ವಿಷಯದಲ್ಲಿ ನಾನು ಶುದ್ಧ ದಡ್ಡ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಹಾಲು ಬೆಳ್ಳಗಿರುತ್ತದೆ, ಕಾಯಿಸುವಾಗ ಆಚೆ ತಿರುಗಿದರೆ ಉಕ್ಕುತ್ತದೆ, ಇಷ್ಟೇ ನನ್ನ ವಿದ್ಯೆ. ಮಿಕ್ಕದ್ದೆಲ್ಲ ನನ್ನ ಹೆಂಡತಿ ಶಾರದಾಳ ಖಾತೆ. ಅವಳಿದ್ದಾಗ ಪ್ಲಾಸ್ಟಿಕ್ ಪಿಶವಿಯ, ಅಂದರೆ ಪ್ಯಾಕೆಟ್ಟಿನ, ಅರ್ಧ ಲೀಟರ್ ಹಾಲು ಚಹಾ, ಮೊಸರು, ಕೆನೆ, ತುಪ್ಪ ಅಂತ ತನ್ನ ದಾರಿ ಹಿಡಿದು ಸಂಜೆಯೊಳಗೆ ಖಾಲಿಯಾಗುತ್ತಿತ್ತು. ಅವಳು ತೀರಿಕೊಂಡು ಎರಡು ಮಳೆಗಾಲ ಕಳೆದವು. ಈಗ ಫ್ರಿಜ್ ತೆಗೆದರೆ ಹಾಲು ನನ್ನ ಮುಖ ನೋಡುತ್ತದೆ, ನಾನು ಅದರ ಮುಖ ನೋಡುತ್ತೇನೆ. ಮುಂಬಯಿಯ ಪರೇಲಿನ ಈ ಫ್ಲ್ಯಾಟಿನಲ್ಲಿ ಇರುವವರು ನಾವಿಬ್ಬರೇ.

ಇಂಥ ಹೊತ್ತಿನಲ್ಲಿ ಬಾಂದ್ರಾದ ನಮ್ಮ ಆಫೀಸಿನ ನೇಹಾ ಎಂಬ ಹುಡುಗಿಗೆ ನನ್ನ ಆರೋಗ್ಯದ ಚಿಂತೆ ಹತ್ತಿತು. ಅಂಕಲ್ ಇನ್ನೂ ಪಿಶವಿ ಹಾಲೇ ಕುಡಿಯುತ್ತಾರೆಂದು ತಿಳಿದು ಆಕೆ ಹೌಹಾರಿದಳು. ಬಯಲಲ್ಲಿ ಹಸಿರು ಹುಲ್ಲು ಮೇಯ್ದ ಆಕಳ ಹಾಲು ಬೇರೆಯೇ, ಹೃದಯಕ್ಕೆ ಒಳ್ಳೆಯದು ಎಂದು ಹಿಂದಿಯಲ್ಲೊಂದು ಭಾಷಣ ಮಾಡಿ, ನನ್ನ ಫೋನಿನಲ್ಲಿ ತಾನೇ ಆರ್ಡರ್ ಹಾಕಿಬಿಟ್ಟಳು. ಬೆಳಿಗ್ಗೆ ಬಾಗಿಲಿಗೆ ಗಾಜಿನ ಬಾಟಲಿ ಬಂತು. ಬೆಲೆ ಎರಡು ಪಟ್ಟಿಗೂ ಜಾಸ್ತಿ. ಜನ್ಮವಿಡೀ ಅಕೌಂಟ್ಸ್‌ನಲ್ಲಿ ಸವೆದವನು, ಸುಮ್ಮನೆ ಕುಡಿಯಲಾದೀತೇ? ಭಾನುವಾರ ಕನ್ನಡಕ ಏರಿಸಿ ಎಲ್ಲಾ ಓದಿದೆ. ಪ್ರೋಟೀನು, ಕ್ಯಾಲ್ಸಿಯಂ ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ಹುಲ್ಲಿನ ಹಾಲಿನಲ್ಲಿ ಒಳ್ಳೆಯ ಕೊಬ್ಬು ತುಸು ಹೆಚ್ಚು, ಬಣ್ಣ ತುಸು ಹಳದಿ. ಆದರೆ ಆ ಒಳ್ಳೆಯ ಕೊಬ್ಬು ಒಂದು ಲೋಟದಲ್ಲಿ ಸಿಗುವುದಕ್ಕಿಂತ ಧಾರವಾಡದಿಂದ ತಂದ ಅಗಸಿ ಹಿಂಡಿಯ, ಅಂದರೆ ಅಗಸೆಬೀಜದ ಚಟ್ನಿಪುಡಿಯ, ಒಂದು ಚಮಚದಲ್ಲಿ ಹೆಚ್ಚು ಸಿಗುತ್ತದಂತೆ. ಸರಿ, ಇನ್ನು ಉಳಿದದ್ದು ರುಚಿ. ಅದನ್ನೂ ಪರೀಕ್ಷೆ ಮಾಡಿಯೇ ಬಿಡೋಣ ಅಂದುಕೊಂಡೆ.

ಪರೀಕ್ಷೆ ಅಂದಮೇಲೆ ಯಾವ ಲೋಟದಲ್ಲಿ ಯಾವ ಹಾಲು ಅನ್ನುವುದು ಕುಡಿಯುವವನಿಗೆ ಗೊತ್ತಿರಬಾರದು. ಎರಡು ಸ್ಟೀಲ್ ಲೋಟಗಳಿಗೆ ಎರಡು ಹಾಲು ಸುರಿದೆ. ಕಣ್ಣು ಮುಚ್ಚಿ ಲೋಟಗಳನ್ನು ಅದಲುಬದಲು ಮಾಡಿದೆ. ಮಾಡಿದ ಕೈ ನನ್ನದೇ ಅಲ್ಲವೇ, ಅದಕ್ಕೆ ಎಲ್ಲಾ ನೆನಪಿತ್ತು. ಇನ್ನಷ್ಟು ಜೋರಾಗಿ ತಿರುಗಿಸಿದೆ, ಒಂದು ಲೋಟ ಉರುಳಿ ಅಡುಗೆ ಕಟ್ಟೆಯೆಲ್ಲ ಹಾಲು. ಲೋಟ ತಿರುಗಿಸಲು ಇನ್ನೊಬ್ಬರು ಬೇಕು, ಈ ಮನೆಯಲ್ಲಿ ಇನ್ನೊಬ್ಬರಿಲ್ಲ. ಇದೇನು ನನಗೆ ಹೊಸ ಸುದ್ದಿಯಲ್ಲ, ಆದರೂ ಬಟ್ಟೆ ಹಿಡಿದು ಒರೆಸಿದ ಜಾಗವನ್ನೇ ಮತ್ತೆ ಮತ್ತೆ ಒರೆಸಿದೆ. ಹಾಲಿಗೆ ಅಳುವ ವಯಸ್ಸು ನನಗೆ ಯಾವಾಗಲೋ ದಾಟಿದೆ.

ನಮ್ಮ ಎದುರು ಮನೆಯಲ್ಲಿ ಬೆಳಗಾವಿಯ ಪಾಟೀಲ ದಂಪತಿ ಇದ್ದಾರೆ. ಶಾರದಾ ಹೋದ ಹೊಸತರಲ್ಲಿ ಪಾಟೀಲ ವೈನಿ, ಅಂದರೆ ಪಾಟೀಲರ ಹೆಂಡತಿ, ಏನಾದರೂ ಮಾಡಿಕೊಂಡು ಬಂದು ಬೆಲ್ ಒತ್ತುತ್ತಿದ್ದರು. ನಾನು ಅರ್ಧ ಬಾಗಿಲು ತೆಗೆದು ಬೇಡ ಅನ್ನುತ್ತಿದ್ದೆ. ನಮ್ಮ ಕಡೆ ಮೊದಲನೇ ಬೇಡಕ್ಕೆ ಅರ್ಥವಿಲ್ಲ, ಅದು ಬರೀ ಮರ್ಯಾದೆ. ಎದುರಿನವರು ಒತ್ತಾಯ ಮಾಡಬೇಕು, ನಾವು ಸೋತವರ ಹಾಗೆ ತಗೋಬೇಕು. ಆದರೆ ಮುಂಬಯಿಗೆ ಬಂದು ತಲೆ ನರೆತ ಪಾಟೀಲ ದಂಪತಿಗೆ ಒತ್ತಾಯ ಮಾಡುವ ರೂಢಿ ತಪ್ಪಿಹೋಗಿತ್ತು. ಬೇಡ ಅಂದರೆ ಬೇಡ ಅಂತಲೇ ತಿಳಿದು ಹೊರಟುಬಿಡುತ್ತಿದ್ದರು. ನಾನು ಬಾಗಿಲ ಹಿಂದೆ ನಿಂತು ಆ ತಿಂಡಿಯ ವಾಸನೆ ಕುಡಿಯುತ್ತಿದ್ದೆ. ಬರಬರುತ್ತಾ ಬೆಲ್ ನಿಂತೇಹೋಯಿತು.

ಈಗ ಬೆಲ್ ಒತ್ತುವ ಪಾಳಿ ನನ್ನದು. ಎರಡು ಲೋಟ ಅದಲುಬದಲು ಮಾಡಿಕೊಡಬೇಕಿತ್ತು ಅಂತ ತೊದಲಿದೆ. ವೈನಿ ನನ್ನ ಮುಖವನ್ನೂ ಕೈಯಲ್ಲಿದ್ದ ಒದ್ದೆ ಬಟ್ಟೆಯನ್ನೂ ನೋಡಿ, ಒಂದು ಮಾತೂ ಕೇಳದೆ ಪಾಟೀಲರನ್ನೂ ಎಬ್ಬಿಸಿಕೊಂಡು ಬಂದರು. ನನ್ನನ್ನು ಹೊರಗಿನ ಕೋಣೆಯಲ್ಲಿ ಗೋಡೆಗೆ ಮುಖಮಾಡಿ ಕೂರಿಸಿದರು. ಲೋಟಗಳು ಬಂದವು. ಗುಟುಕು ಗುಟುಕಾಗಿ ಕುಡಿದು, ಅವರ ಕಡೆ ತಿರುಗಿ ತೀರ್ಪು ಕೊಟ್ಟೆ. ಎಡಗಡೆಯದು ಹುಲ್ಲಿನ ಹಾಲು, ಸಂಶಯವೇ ಇಲ್ಲ, ಏನು ಘಮ, ಏನು ಜಿಡ್ಡು, ಕೊಟ್ಟ ಬೆಲೆಗೆ ಮೋಸವಿಲ್ಲ. ಪಾಟೀಲರು ಹೌದ್ಹೌದು ಎಂದು ತಲೆಯಾಡಿಸಿದರು.

ವೈನಿ ಸೆರಗಿಗೆ ಕೈ ಒರೆಸಿಕೊಂಡು ಅಂದರು: "ದೇಸಾಯರ, ಎರಡೂ ಲೋಟದಾಗ ಪಿಶವಿ ಹಾಲ ಐತ್ರಿ. ಬಾಟ್ಲಿ ಹಾಲ ಅಷ್ಟೂ ಚಹಾಕ್ಕ ಇಟ್ಟೀನಿ. ನಿಮ್ಮ ಮಾರಿ ನೋಡಿದ್ರ ಮುಂಜಾನಿಂದ ಚಹಾ ಕುಡದಂಗ ಕಾಣಲಿಲ್ಲ."

ನನ್ನ ಮಾನ ಮೂರು ಕಾಸಿಗೆ ಹರಾಜಾಯಿತು. ಆದರೆ ಚಹಾ ಚೆನ್ನಾಗಿತ್ತು. ಅದರಲ್ಲಿ ಹುಲ್ಲೂ ತಿಳಿಯಲಿಲ್ಲ, ಬಯಲೂ ತಿಳಿಯಲಿಲ್ಲ. ಶುಂಠಿ ಮಾತ್ರ ತಿಳಿಯಿತು. ಪಾಟೀಲರು ತಮ್ಮ ಮೊಣಕಾಲು ನೋವಿನ ಚರಿತ್ರೆಯನ್ನು ಪೂರ್ತಿ ಹೇಳಿದರು. ಇನ್ನೊಬ್ಬರ ಮೊಣಕಾಲಿನ ಕತೆ ಇಷ್ಟು ಚೆಂದ ಇರುತ್ತದೆಂದು ನನಗೆ ಗೊತ್ತಿರಲಿಲ್ಲ. ಮುಗಿಯದಿರಲಿ ಅನ್ನಿಸಿತು. ಏಳುವಾಗ ವೈನಿ, ನಿಮ್ಮ ಪರೀಕ್ಷೆ ಕೆಡಿಸಿದೆ, ಬರುವ ಭಾನುವಾರ ಬಂದು ಸರಿಯಾಗಿ ಮಾಡಿಕೊಡಲೇ ಅಂತ ಕೇಳಿದರು.

ಹೂಂ ಅನ್ನಲು ಎಷ್ಟು ಹೊತ್ತು ಬೇಕು ಹೇಳಿ. ನನ್ನ ಹಾಳು ಬಾಯಿ, "ಬ್ಯಾಡ್ರಿ, ನಿಮಗ್ಯಾಕ ತ್ರಾಸ" ಅಂದುಬಿಟ್ಟಿತು. ಅವರು ಆತು ಅಂದು ಹೊರಟೇಹೋದರು. ಬಾಗಿಲು ಹಾಕಿಕೊಂಡು ನನ್ನ ಕೆನ್ನೆಗೆ ನಾನೇ ಒಂದು ಕೊಡುವಷ್ಟು ಸಿಟ್ಟು ಬಂತು.

ಬಾಟಲಿ ಹಾಲು ನಿಲ್ಲಿಸಿದ್ದೇನೆ. ಪೋಷಣೆಯ ಲೆಕ್ಕದಲ್ಲೂ ದುಡ್ಡಿನ ಲೆಕ್ಕದಲ್ಲೂ ನನ್ನಂಥವನಿಗೆ ಪಿಶವಿ ಹಾಲೇ ಸಾಕು ಎಂದು ನೇಹಾಳಿಗೂ ಹೇಳಿಯಾಯಿತು. ಆದರೆ ಎಮ್ಮೆ ಹಾಲನ್ನು ಹೋಲಿಸಿ ನೋಡದಿದ್ದರೆ ಪರೀಕ್ಷೆ ಪೂರ್ತಿಯಾಗುವುದಿಲ್ಲ ಅನ್ನಿಸುತ್ತಿದೆ. ಭಾನುವಾರಕ್ಕೆ ಒಂದು ಲೀಟರ್ ಹೇಳಿದ್ದೇನೆ. ಲೋಟ ತಿರುಗಿಸಲು ಎದುರು ಮನೆಯ ಬೆಲ್ ಒತ್ತದೆ ಗತಿಯಿಲ್ಲ. ಎಮ್ಮೆ ಹಾಲು ನನಗೆ ಅರಗುವುದಿಲ್ಲ, ಆ ಮಾತು ಬೇರೆ.