ವಾಪಸ್ ಬರುತ್ತೇನೆ ಎನ್ನಲು ಒಂಬತ್ತು ಪುಟ

ವೀಸಾ ಅರ್ಜಿಯನ್ನು ಜನ ಏಕೆ ಇಷ್ಟು ದೊಡ್ಡ ವಿಷಯ ಮಾಡುತ್ತಾರೋ ಎಂದು ನನಗೆ ಮೊದಲಿನಿಂದಲೂ ಅನುಮಾನ. ಅವರು ಕೇಳುವುದು ಪ್ರಶ್ನೆ, ನಾವು ಕೊಡುವುದು ಉತ್ತರ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಹೀಗೆ ಉತ್ತರ ಕೊಟ್ಟೇ ಗೆದ್ದ ಹನ್ನೊಂದು ಕಪ್ಪುಗಳು ನಮ್ಮ ಫ್ರಿಜ್ಜಿನ ಮೇಲೆ ಸಾಲಾಗಿ ನಿಂತಿವೆ. ಒಂದರಲ್ಲಿ ಈಗ ಕರಿಬೇವು ಇಡುತ್ತೇವೆ, ಅದು ಬೇರೆ ಮಾತು.

ನನ್ನ ಗಂಡ ಮಲ್ಲಿಕಾರ್ಜುನ ಬಾಗಲಕೋಟೆ ಕಡೆಯವರು, ಜಿಗಣಿಯ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್. ವಯಸ್ಸು ಮೂವತ್ತು ದಾಟಿದರೂ ಸಮುದ್ರ ನೋಡಿಲ್ಲ. ತೋರಿಸುತ್ತೇನೆಂದು ಮದುವೆಯಾದ ವಾರದಲ್ಲೇ ಮಾತು ಕೊಟ್ಟಿದ್ದೆ. ನಾಲ್ಕು ವರ್ಷ ಕಳೆಯಿತು. ಈ ಮೇ ತಿಂಗಳಲ್ಲಿ ಯಂತ್ರಗಳ ರಿಪೇರಿಗೆಂದು ಕಾರ್ಖಾನೆ ಹತ್ತು ದಿನ ಮುಚ್ಚುವುದು ಖಚಿತವಾಯಿತು.

“ಕಾರವಾರಕ್ಕ ಹೋಗೂಣು,” ಎಂದರು.

“ಗ್ರೀಸ್‌ಗೆ ಹೋಗೋಣ,” ಎಂದೆ.

ಕಡಲತೀರವಿದೆ, ಬಿಸಿಲಿದೆ, ಎರಡೂವರೆ ಸಾವಿರ ವರ್ಷ ಹಳೆಯ ದೇಗುಲಗಳಿವೆ. ಮೇಲಾಗಿ ವಾದ ಮಾಡುವುದನ್ನೇ ಒಂದು ವಿದ್ಯೆಯಾಗಿ ಬೆಳೆಸಿದ ನಾಡು. ನನಗದು ತವರುಮನೆ ಇದ್ದಂತೆ!

“ಬಿದ್ದ ಗುಡಿ ನೋಡಾಕ ಅಷ್ಟು ದೂರ ಯಾಕ? ನಮ್ಮ ಕಡೆ ಹೆಜ್ಜಿಗೊಂದು ಅದಾವ. ಮತ್ತ ವೀಸಾ ಸುಲಭ ಸಿಗೋ ದೇಶ ಭಾಳ ಅದಾವಂತಲ್ಲ?”

“ಯಾರನ್ನ ಬೇಕಾದ್ರೂ ಒಳಗೆ ಬಿಡ್ತಾರೆ ಅಂದ್ರೆ ಅಲ್ಲಿ ಏನೋ ಐಬಿರ್ಬೇಕು ಕಣ್ರೀ!”

ಅವರು ಕ್ಯಾಲೆಂಡರಿನಲ್ಲಿ ಆ ಹತ್ತು ದಿನಕ್ಕೆ ಗೆರೆ ಎಳೆದರು. ಗೆದ್ದೆ ಎಂದುಕೊಂಡೆ.

ಅರ್ಜಿಯ ಜೊತೆ ಒಬ್ಬೊಬ್ಬರೂ ಒಂದು ಪತ್ರ ಬರೆಯಬೇಕಿತ್ತು. ಏಕೆ ಹೋಗುತ್ತೀರಿ, ರಜೆ ಮುಗಿದ ಮೇಲೆ ವಾಪಸ್ ಬರುತ್ತೀರಿ ತಾನೇ? ಇಷ್ಟೇ ಪ್ರಶ್ನೆ. ಇಲ್ಲಿ ನನ್ನ ಚರ್ಚೆಯ ಮೇಷ್ಟ್ರು ಕಲಿಸಿದ ಸೂತ್ರ ನೆನಪಾಯಿತು: ಎದುರಾಳಿ ಬಾಯಿ ತೆರೆಯುವ ಮೊದಲೇ ಅವನ ವಾದವನ್ನು ನೀನೇ ಹೇಳು, ನೀನೇ ಮುರಿ. ವೀಸಾ ಅಧಿಕಾರಿಗೆ ಯಾವ್ಯಾವ ಅನುಮಾನ ಬರಬಹುದೋ ಅವನ್ನೆಲ್ಲ ನಾನೇ ಪಟ್ಟಿ ಮಾಡಿದೆ.

‘ನಾನು ಚಂದಾಪುರದ ಬಾಡಿಗೆ ಮನೆಯಲ್ಲಿದ್ದೇನೆ, ಸ್ವಂತ ಆಸ್ತಿ ಇಲ್ಲ. ಆದ್ದರಿಂದ ನಿಮ್ಮ ದೇಶದಲ್ಲೇ ಉಳಿದುಬಿಡಬಹುದು ಎಂದು ತಾವು ಶಂಕಿಸಬಹುದು. ಆದರೆ ಆಸ್ತಿ ಇದ್ದವರೂ ದೇಶ ಬಿಟ್ಟು ಓಡಿಹೋದದ್ದುಂಟು.’

‘ನನ್ನ ಕಚೇರಿಯಲ್ಲಿ ಕೆಲಸ ಬಿಡುವವರು ಬಹಳ. ನಾನೂ ಬಿಡಬಹುದು. ಆದರೆ “ಬಹುದು” ಎಂಬುದು ಪುರಾವೆಯಲ್ಲ.’

‘ನಿಮ್ಮ ಕಡಲು ನನ್ನನ್ನು ಹಿಡಿದಿಟ್ಟುಕೊಳ್ಳಬಹುದು ಎನ್ನುತ್ತೀರಾ? ಚಂದಾಪುರಕ್ಕೂ ತನ್ನದೇ ಆಕರ್ಷಣೆಯಿದೆ.’ ಈ ಆಕರ್ಷಣೆ ಯಾವುದೆಂದು ಇಡೀ ಒಂದು ಭಾನುವಾರ ಯೋಚಿಸಿದೆ. ಕೊನೆಗೆ ‘ಹೊಸೂರು ರಸ್ತೆಗೆ ಹತ್ತಿರ’ ಎಂದು ಬರೆದೆ.

ಪತ್ರದ ಮುಕ್ತಾಯ ತಾತ್ವಿಕವಾಗಿತ್ತು. ‘ಇನ್ನೂ ನಡೆಯದ ಘಟನೆಯನ್ನು ಯಾರೂ ಸಾಬೀತು ಮಾಡಲಾರರು. ಆದ್ದರಿಂದ ತಮ್ಮ ಪ್ರಶ್ನೆಯೇ ದೋಷಪೂರ್ಣ.’

ಒಟ್ಟು ಒಂಬತ್ತು ಪುಟ!

ಅರ್ಜಿಗೆ ಬೇಕಿದ್ದ ಬಾಡಿಗೆ ಕರಾರಿಗೆ ಸಹಿ ಹಾಕಲು ಮನೆ ಒಡತಿ ಜಯಮ್ಮ ಮೇಲೆ ಬಂದಿದ್ದರು. ಚಂದಾಪುರದಲ್ಲೇ ಹುಟ್ಟಿ ಬೆಳೆದು, ರಾಗಿ ಹೊಲದಲ್ಲಿ ಹನ್ನೆರಡು ಬಾಡಿಗೆ ಮನೆ ಎಬ್ಬಿಸಿದವರು. ಪುಟಗಳನ್ನು ಬೆರಳಲ್ಲಿ ಎಣಿಸಿದರು.

“ಇದೇನವ್ವ ಇದು?”

“ವಾಪಸ್ ಬರ್ತೀನಿ ಅಂತ ಬರ್ದಿದೀನಿ ಜಯಮ್ಮ.”

“ಅಲ್ಲ ಕಣವ್ವ, ವಾಪಸ್ ಬತ್ತೀಯಾ ಅಂತ ಕೇಳವ್ರೆ. ಊಂ ಅನ್ನಾಕೆ ಒಂಬತ್ತು ಪುಟ ಬೇಕಾ? ಇದ್ನ ನೋಡುದ್ರೆ ನಂಗೇ ಅನ್ಮಾನ ಬತ್ತಾ ಐತೆ. ಅಡ್ವಾನ್ಸ್ ಗಿಡ್ವಾನ್ಸ್ ಬಿಟ್ಟು ಓಗ್ಬುಡ್ತೀಯಾ ಏನು?”

ಅನುಭವದ ಮಾತು ಅದು. ನಾನದನ್ನು ಅಜ್ಞಾನವೆಂದು ತಳ್ಳಿಹಾಕಿದೆ.

ನನ್ನ ಗಂಡನ ಪತ್ರವನ್ನೂ ತಿದ್ದಲು ಕೇಳಿದೆ. ಅವರು ಕೊಡಲಿಲ್ಲ. ಆಗಲೇ ಲಕೋಟೆಗೆ ಅಂಟು ಹಚ್ಚಿದ್ದರು. “ಮೂರs ಸಾಲು ಅದಾವ. ಸಮುದ್ರ ನೋಡಿಲ್ಲ, ನೋಡ್ಬೇಕು. ಹತ್ತು ದಿನ ಸೂಟಿ. ಹನ್ನೊಂದನೇ ದಿನ ಮುಂಜಾನೆ ಆರಕ್ಕ ಶಿಫ್ಟ್ ಐತಿ.”

“ಅಯ್ಯೋ! ಇದಕ್ಕೆ ಯಾರ್ರೀ ವೀಸಾ ಕೊಡ್ತಾರೆ?” ನನಗೆ ನಿಜಕ್ಕೂ ಕನಿಕರವಾಯಿತು. ಅವರೊಬ್ಬರಿಗೇ ಸಿಗದಿದ್ದರೆ ಹೇಗೆ ಸಮಾಧಾನ ಮಾಡಬೇಕೆಂದು ಮನಸ್ಸಿನಲ್ಲೇ ನಾಲ್ಕು ಮಾತು ಸಿದ್ಧ ಮಾಡಿಟ್ಟುಕೊಂಡೆ.

ಎರಡು ವಾರಕ್ಕೆ ಪಾಸ್‌ಪೋರ್ಟುಗಳು ಬಂದವು. ಅವರ ಪಾಸ್‌ಪೋರ್ಟಿನಲ್ಲಿ ವೀಸಾ. ನನ್ನದರೊಳಗೆ ಒಂದು ಚೀಟಿ. ‘ಮರಳಿ ಹೋಗುವ ಉದ್ದೇಶ ಖಚಿತವಾಗಿಲ್ಲ. ಕಾರಣಗಳಿಗೆ ಅರ್ಜಿದಾರರ ಪತ್ರದ ಪುಟ ಎರಡು, ನಾಲ್ಕು ಮತ್ತು ಏಳನ್ನು ನೋಡಿ.’

ಎದುರಾಳಿ ಬಾಯಿಯನ್ನೇ ತೆರೆದಿರಲಿಲ್ಲ. ಅವನ ಪರವಾಗಿ ನಾನೇ ಮಾತಾಡಿ ನನ್ನನ್ನು ಸೋಲಿಸಿದ್ದೆ!

ನನ್ನ ಗಂಡ ಚೀಟಿ ಓದಿ ನಗಲಿಲ್ಲ. ಅದೇ ಹೆಚ್ಚು ಚುಚ್ಚಿತು. “ಬಿಡು, ನಾನೂ ಹೋಗಂಗಿಲ್ಲ. ಒಬ್ಬನs ಹೋಗಿ ಏನ್ ಮಾಡ್ಲಿ?”

ಅವರು ಹಟ ಹಿಡಿಯುತ್ತಾರೆ, ನಾನು ಒತ್ತಾಯಿಸುತ್ತೇನೆ, ಕೊನೆಗೆ ಇಬ್ಬರೂ ಮನೆಯಲ್ಲೇ ಉಳಿಯುತ್ತೇವೆ, ನನ್ನ ತ್ಯಾಗಬುದ್ಧಿಯೂ ಉಳಿಯುತ್ತದೆ ಎಂದು ಲೆಕ್ಕ ಹಾಕಿದೆ. “ನೀವು ಹೋಗಲೇಬೇಕು. ಇದಕ್ಕೆ ನಾಲ್ಕು ಕಾರಣಗಳಿವೆ. ಮೊದಲನೆಯದು, ನೀವು ಸಮುದ್ರ ನೋಡಿಲ್ಲ.”

“ಖರೇ ಐತಿ,” ಎಂದರು. “ಹೋಗಿ ಬರ್ತೀನಿ.”

ದಾಂಪತ್ಯದ ನಾಲ್ಕು ವರ್ಷಗಳಲ್ಲಿ ಅವರು ನನ್ನ ವಾದದ ಮೊದಲನೇ ಕಾರಣಕ್ಕೇ ತಲೆದೂಗಿದ್ದು ಅಂದೇ! ಉಳಿದ ಮೂರು ಕಾರಣಗಳು ನನ್ನ ಬಾಯಲ್ಲೇ ಉಳಿದವು.

ಅವರು ಗ್ರೀಸ್‌ಗೆ ಹೋದ ಮೂರನೆಯ ದಿನ ಮಧ್ಯಾಹ್ನ ವಿಡಿಯೋ ಕರೆ ಬಂತು. ಪ್ಯಾಂಟನ್ನು ಮೊಣಕಾಲವರೆಗೆ ಮಡಚಿಕೊಂಡು ನೀರಿನಲ್ಲಿ ನಿಂತಿದ್ದರು. ಹಿಂದೆ ಗುಡ್ಡದ ಮೇಲೆ ಕಂಬಗಳು.

“ಹೇಗಿದೆ ರೀ?”

ಅಲೆಯೊಂದು ಬಂದು ಮೊಣಕಾಲಿಗೆ ಬಡಿದು ಹೋಯಿತು. ಇನ್ನೊಂದು ಬಂತು. “ಭಾಳ ಐತಿ,” ಎಂದರು ಕೊನೆಗೆ.

“ಆ ಕಂಬಗಳಿದಾವಲ್ಲ, ಅವು ಯಾವ ಕಾಲದ್ದು ಅಂದ್ರೆ...”

“ತಡಿ, ಒಂದೀಟು ಮಾತಾಡಬ್ಯಾಡ. ನೀರಿನ ಸಪ್ಪಳ ಕೇಳು.”

ಕೇಳಿದೆ. ಚೆನ್ನಾಗಿತ್ತು. ನನಗೆ ಹೊಟ್ಟೆಕಿಚ್ಚೂ ಚೆನ್ನಾಗಿಯೇ ಆಯಿತು.

“ಮುಂದಿನ ವರ್ಷ ಇಬ್ಬರೂ ಬರೂಣು. ಚೀಟಿ ಕೆಳಗ ಅಪೀಲು ಹಾಕಬಹುದು ಅಂತ ಬರದಾರಲ್ಲ? ಹಾಕು. ಒಂದs ಸಾಲು ಬರಿ, ಸಾಕು. ನನ್ನಾಣಿ ಐತಿ.”

ಅಷ್ಟು ದೂರದಿಂದ ಆಣೆ ಹಾಕಿದ್ದಾರೆ, ಮೀರುವುದುಂಟೆ? ಕೂಡಲೇ ಲ್ಯಾಪ್‌ಟಾಪ್ ತೆರೆದು, ಒಂದೇ ಸಾಲು ಬರೆದೆ: ‘ನಾನು ವಾಪಸ್ ಬರುತ್ತೇನೆ.’

ಓದಿಕೊಂಡೆ. ಸರಳವಾಗಿತ್ತು, ಸ್ಪಷ್ಟವಾಗಿತ್ತು. ಆದರೂ ಸ್ವಲ್ಪ ಬೋಳು ಬೋಳಾಗಿ ಕಂಡಿತು. ಮುಂದೆ ‘ಏಕೆಂದರೆ’ ಎಂದು ಸೇರಿಸಿದೆ.

ಈಗ ಹನ್ನೊಂದನೇ ಪುಟದಲ್ಲಿದ್ದೇನೆ.