ಮಾವನೊಡನೆ ಅಕ್ಕಿ ನೋಡಲು ಹೋದದ್ದು

ಕೆಲವರಿಗೆ ಸಂಗೀತ ಬರುವುದಿಲ್ಲ, ಕೆಲವರಿಗೆ ಲೆಕ್ಕ ಬರುವುದಿಲ್ಲ. ನನಗೆ ‘ಹ’ ಬರುವುದಿಲ್ಲ. ಬರೆಯುವಾಗ ನೋಡಿ, ಎಷ್ಟು ಚೆನ್ನಾಗಿ ಬರುತ್ತದೆ! ಅದು ಹೆಂಡತಿ ಸುಮಾ ಅಕ್ಷರ ಕಲಿಸಿದ ಪುಣ್ಯ. ಬಾಯಿ ತೆರೆದರೆ ಮಾತ್ರ ಎಲ್ಲಿಗೋ ಪರಾರಿ. ತಲೆಮಾರುಗಳಿಂದ ತಿರುಪ್ಪೂರಿನ ಕಡೆ ಮಗ್ಗ ನೇಯ್ದುಕೊಂಡಿದ್ದ ಮನೆತನ ನಮ್ಮದು. ಹೊರಗೆಲ್ಲ ತಮಿಳು, ಹೊಸ್ತಿಲೊಳಗೆ ಕನ್ನಡ. ಆ ಕನ್ನಡದಲ್ಲಿ ಹಾಲು ಆಲು, ಹೂವು ಊವು, ಹೆಂಡತಿ ಎಂಡತಿ. ನಮ್ಮಮ್ಮ “ಆಲು ತಗೊಂಬಾ” ಅಂದದ್ದಕ್ಕೆ ಹೊಸ ಸೊಸೆ ಸುಮಾ ಆಲೂಗಡ್ಡೆ ತಂದಿಟ್ಟದ್ದೂ ಉಂಟು.

ಮಾವ ತುಮಕೂರಿನಲ್ಲಿ ಕನ್ನಡ ಮೇಷ್ಟ್ರಾಗಿರದಿದ್ದರೆ ಇದರಿಂದ ಯಾರಿಗೂ ಏನೂ ತೊಂದರೆ ಇರಲಿಲ್ಲ. ಹುಡುಗ ತಮಿಳುನಾಡಿನವನಾದರೂ ಕನ್ನಡದವನೇ ಎಂದು ಮದುವೆಗೆ ಒಪ್ಪಿದವರು ಅವರು. ಛತ್ರದಲ್ಲಿ ನಾನು “ಓಳಿಗೆ ಆಕಿಸ್ಕೊಳ್ಳಿ ಮಾವ” ಅಂದದ್ದೇ ತಡ, ಮುಖ ಗಂಟಿಕ್ಕಿದರು. ಅಂದಿನಿಂದ ನನ್ನ ಜೊತೆ ಮಾತೆಲ್ಲ ಮಗಳ ಮೂಲಕವೇ. “ನಿಮ್ಮ ಯಜಮಾನರು ಸ್ನಾನಕ್ಕೆ ಹೋಗ್ತಾರಂತಾ, ಕೇಳಮ್ಮ” ಅನ್ನುತ್ತಾರೆ. ನಾನು ಎದುರಿಗೇ ಟವಲು ಹಿಡಿದು ನಿಂತಿರುತ್ತೇನೆ! ಚಿಕ್ಕಂದಿನಲ್ಲೇ ಅಪ್ಪನನ್ನು ಕಳೆದುಕೊಂಡವನು ನಾನು. ಆ ಮನುಷ್ಯ ಒಂದೇ ಒಂದು ಸಲ ನನ್ನ ಮುಖ ನೋಡಿ ಬೈದಿದ್ದರೂ ಸಾಕಿತ್ತು.

ಹೋದ ತಿಂಗಳು ಮನೆಗೆ ಬಂದರು. ಅವರಿಗೆ ಹಕ್ಕಿಗಳ ಹುಚ್ಚು, ಪೆಟ್ಟಿಗೆಯಲ್ಲಿ ದುರ್ಬೀನೂ ಇದೆ ಎಂದು ಸುಮಾ ಪಿಸುಗುಟ್ಟಿದಳು. ನಮ್ಮೂರ ಕೆರೆ ಪಾರ್ಕಿನಲ್ಲಿ ಸಂಜೆಯಾದರೆ ಹಕ್ಕಿಗಳದೇ ರಾಜ್ಯಭಾರ. ಸಿಕ್ಕಿತಲ್ಲ ದಾರಿ! ಬನಿಯನ್ ಕಂಪನಿಯ ಮೆಷಿನ್ ಗದ್ದಲದ ನಡುವೆಯೇ ಮನೆಗೆ ಫೋನು ಮಾಡಿ, “ಮಾವ, ಸಾಯಂಕಾಲ ರೆಡಿಯಾಗಿರಿ, ಅಕ್ಕಿ ನೋಡಕ್ಕೆ ಓಗಣ” ಅಂದೆ. “ಹೂಂ” ಅಂದರು.

ಬೈಕಿನ ಹಿಂದೆ ಕೂತ ಅವರ ಕೈಯಲ್ಲಿ ಒಂದು ಬಟ್ಟೆಚೀಲವಿತ್ತು. ದುರ್ಬೀನು ಅದರೊಳಗಿದೆ ಎಂದುಕೊಂಡೆ. ಕೆರೆ ಏರಿಯ ಮೇಲೆ ಇಳಿಸಿದರೆ, ಸುತ್ತ ಕಣ್ಣಾಡಿಸಿ, ಯಾರನ್ನೋ ಕೇಳುವವರ ಹಾಗೆ, “ಅಕ್ಕಿ ಅಂಗಡಿ ಎಲ್ಲಿದೆಯಂತೆ?” ಅಂದರು. ಚೀಲದೊಳಗೆ ಇದ್ದದ್ದು ಇನ್ನೊಂದು ಚೀಲ. ದುರ್ಬೀನು ಮನೆಯಲ್ಲೇ ತಣ್ಣಗೆ ಕೂತಿತ್ತು.

ನಾಚಿಕೆಯಿಂದ ನಾನು ಭೂಮಿಗಿಳಿದುಹೋದೆ. ಹೇಗೋ ಸಾವರಿಸಿಕೊಂಡು, ಜೊಂಡಿನಲ್ಲಿದ್ದ ಬಿಳಿ ಹಕ್ಕಿಗಳ ಹಿಂಡಿನ ಕಡೆ ಬೆರಳು ಮಾಡಿ, “ಅಗೋ ಮಾವ, ಕೊಕ್ಕು!” ಅಂದೆ. ಆ ಬಿಳಿ ಹಕ್ಕಿಗೆ ತಮಿಳಿನಲ್ಲಿ ಕೊಕ್ಕು ಅಂತಲೇ ಹೆಸರು, ನಮ್ಮ ಮನೆಯಲ್ಲೂ ಅದೇ. ಮಾವ ಕೆರೆಯ ನೀರಿಗೆ ಹೇಳಿದರು: “ಕೊಕ್ಕು ಎಲ್ಲದಕ್ಕೂ ಇರುತ್ತೆ. ಇದು ಯಾವ ಹಕ್ಕಿಯದೋ?”

ಅಷ್ಟರಲ್ಲಿ ಆ ಹಿಂಡೆಲ್ಲ ಭರ್ರನೆ ಎದ್ದು, ಸಂಜೆ ಬಿಸಿಲಿನಲ್ಲಿ ನಮ್ಮ ತಲೆಯ ಮೇಲೆಯೇ ಹಾದುಹೋಯಿತು. ಮಾವ ಮೈಮರೆತು, “ಬೆಳ್ಳಕ್ಕಿ! ಅಬ್ಬಬ್ಬಾ, ಎಷ್ಟೊಂದು ಬೆಳ್ಳಕ್ಕಿ!” ಎಂದು ಕೂಗಿದರು.

“ನೀವೂ ಅಕ್ಕಿ ಅಂದ್ರಿ ಮಾವ!” ಅಂದುಬಿಟ್ಟೆ.

ವ್ಯಾಕರಣವೇನೋ ಮಾವನ ತುಟಿಯವರೆಗೆ ಬಂದು ವಾಪಸಾದಂತಿತ್ತು. ಕತ್ತಲಾಗುವವರೆಗೆ ಪಕ್ಕಪಕ್ಕದಲ್ಲಿ ಕೂತು ಬರಿಗಣ್ಣಿನಲ್ಲೇ ನೋಡಿದೆವು. ಯಾಕೋ ಹಿತವಾಗಿತ್ತು. ತಂದ ಚೀಲ ಖಾಲಿ ಒಯ್ಯುವುದೇಕೆಂದು ದಾರಿಯಲ್ಲಿ ಹಳೇ ಪೊನ್ನಿ ಅಕ್ಕಿ ಹಾಕಿಸಿಕೊಂಡೆವು.

ಊಟಕ್ಕೆ ಅದೇ ಅಕ್ಕಿಯ ಅನ್ನ, ಮಲ್ಲಿಗೆ ಮೊಗ್ಗಿನ ಹಾಗೆ ಉದುರುದುರಾಗಿತ್ತು. ಈಗಲಾದರೂ ಮಾವನ ಮುಂದೆ ಸರಿಯಾಗಿ ಮಾತಾಡಿ ಸೈ ಅನ್ನಿಸಿಕೊಳ್ಳಬೇಕೆಂದು, ಉಸಿರೆಳೆದು, ಹೊಟ್ಟೆಯೊಳಗಿಂದ ಹಕಾರ ಹೊರಡಿಸಿ, “ಇನ್ನೊಂಚೂರು ಬಡಿಸ್ಕೊಳ್ಳಿ ಮಾವ. ಹಳೇ ಹಕ್ಕಿ, ಚೆನ್ನಾಗಿ ಬೆಂದಿದೆ!” ಅಂದೆ.

ಸುಮಾಳ ಕೈಯ ಸೌಟು ಹಾಗೇ ನಿಂತಿತು. ಜನ್ಮದಲ್ಲಿ ಮೊಟ್ಟೆ ಮುಟ್ಟದ ಮಾವ ತಟ್ಟೆ ನೋಡಿದರು, ನನ್ನ ಮುಖ ನೋಡಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು.

“ಲೇ ಅಳಿಯ, ಹಳೇ ಹಕ್ಕಿ ಇನ್ನೂ ಇಲ್ಲೇ ಕೂತಿದೆಯಲ್ಲಯ್ಯಾ! ಯಾವಾಗ ಬೇಯಿಸಿದೆ?”

ನೇರವಾಗಿ, ನನಗೇ! ನನ್ನ ಕಣ್ಣು ತುಂಬಿ ಬಂತು. ಸಂತೋಷಕ್ಕೆ ನಾಲಗೆ ಹಿಡಿತ ತಪ್ಪಿ, “ಹಯ್ಯೋ ಮಾವ!” ಅಂದೆ.

ಅದನ್ನೂ ನನಗೇ ಹೇಳಿ ತಿದ್ದಿದರು.